ನೈಲ್ ದಡದ ಗುಡಿಗಳಿಗೆ ನಮ್ಮವರನ್ನು ಕರೆದೊಯ್ಯುವವರಿಗೆ

ಈಜಿಪ್ಟ್ ಪ್ರವಾಸ ಏರ್ಪಡಿಸುವ ಕರ್ನಾಟಕದ ಸಂಸ್ಥೆಗಳ ಮಾಲೀಕರೇ, ಟೂರ್ ಮ್ಯಾನೇಜರುಗಳೇ,

ಕಾಶಿ, ರಾಮೇಶ್ವರ, ಬದರಿ ಮುಗಿಸಿದ ನಮ್ಮ ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ಅವರ ಮನೆಯವರು ಈಗ ನೈಲ್ ನದಿಯ ಹಡಗು ಹತ್ತುತ್ತಿದ್ದಾರೆ ಎಂದರೆ ಅದು ನಿಮ್ಮ ದುಡಿಮೆ. ವೀಸಾ ಕಾಗದದಿಂದ ಹಿಡಿದು ಮಂಡಿನೋವಿನವರಿಗೆ ಮೆಟ್ಟಿಲು ತಪ್ಪುವ ಕೋಣೆ ಕೊಡಿಸುವವರೆಗೆ, ಹಡಗಿನ ಅಡುಗೆಯವರನ್ನು ಒಪ್ಪಿಸಿ ಒಂದು ಹೊತ್ತಾದರೂ ಅನ್ನ-ಸಾರು ಮಾಡಿಸುವವರೆಗೆ ನೀವು ಪಡುವ ಪಾಡನ್ನು ಹತ್ತಿರದಿಂದ ಕಂಡಿದ್ದೇನೆ. ನಿಮ್ಮಂಥದೇ ಒಂದು ಸಂಸ್ಥೆಯ ಜೊತೆ ಲಕ್ಸರ್‌ನಿಂದ ಅಸ್ವಾನ್‌ವರೆಗೆ ಹೋಗಿ ಬಂದವಳು ನಾನು. ಸುಖವಾಗಿಯೇ ಹೋಗಿ ಬಂದೆ. ಆದರೆ ನಮ್ಮ ಜನ ಅಷ್ಟು ದೂರ ಹೋಗಿ, ನೋಡಬೇಕಾದ ಮುಖ್ಯ ಸಂಗತಿಯನ್ನೇ ನೋಡದೆ ಮರಳುತ್ತಿದ್ದಾರೆ ಎಂಬ ಸಂಕಟ ಅಲ್ಲಿಂದ ಬಂದ ಮೇಲೂ ಬಿಟ್ಟಿಲ್ಲ. ಅದಕ್ಕೇ ಈ ಪತ್ರ.

ನನ್ನ ಬೇಡಿಕೆ ಒಂದೇ. ಆ ದೇವಾಲಯಗಳನ್ನು ನದಿಯಿಂದ ಬಿಡಿಸಿ ತೋರಿಸಬೇಡಿ.

ಈಗ ನಡೆಯುತ್ತಿರುವುದು ಹೀಗೆ. ಬೆಳಗ್ಗೆ ಎಬ್ಬಿಸುವ ಗಂಟೆ, ತಿಂಡಿ, ಬಸ್ಸು ಅಥವಾ ಕುದುರೆಗಾಡಿ, ದೇವಸ್ಥಾನದಲ್ಲಿ ಒಂದು ಗಂಟೆ, ಫೋಟೊ, ಮತ್ತೆ ಹಡಗು. ಹಡಗು ಹೊರಟಾಗ ಎಲ್ಲರೂ ಊಟದ ಹಾಲಿನಲ್ಲಿರುತ್ತಾರೆ ಇಲ್ಲವೇ ನಿದ್ದೆಯಲ್ಲಿ. ಎರಡು ಗುಡಿಗಳ ನಡುವೆ ನದಿ ಬರೀ ರಸ್ತೆಯಾಗಿಬಿಡುತ್ತದೆ. ಆ ಗುಡಿಗಳನ್ನು ಕಟ್ಟಿಸಿದವರ ಕಣ್ಣಲ್ಲಿ ನದಿ ಎಂದೂ ರಸ್ತೆ ಮಾತ್ರ ಆಗಿರಲಿಲ್ಲ. ಅವರ ದೇವರುಗಳೇ ಹಡಗಿನಲ್ಲಿ ಓಡಾಡುತ್ತಿದ್ದವು.

ಲಕ್ಸರ್ ದೇವಾಲಯದಿಂದಲೇ ಶುರು ಮಾಡೋಣ. ಒಳಗೆ ಹೋದರೆ ಎತ್ತರದ ಎರಡು ಸಾಲು ಕಂಬಗಳ ಓಣಿ ಸಿಗುತ್ತದೆ. ಎಲ್ಲರೂ ಕತ್ತೆತ್ತಿ ಕಂಬ ನೋಡುತ್ತಾ ಮುಂದೆ ಹೋಗುತ್ತಾರೆ. ಅದರ ಎರಡೂ ಬದಿಯ ಗೋಡೆಗಳಲ್ಲಿ ಟುಟಂಖಾಮುನ್ ಕಾಲದಲ್ಲಿ ಕೆತ್ತಿದ ಓಪೆಟ್ ಹಬ್ಬದ ಮೆರವಣಿಗೆ ಇದೆ. ವರ್ಷಕ್ಕೊಮ್ಮೆ, ನೈಲ್ ಉಕ್ಕಿ ಹೊಲಗಳೆಲ್ಲ ನೀರಿನಡಿಯಿದ್ದು ರೈತನಿಗೆ ಕೆಲಸವಿಲ್ಲದ ತಿಂಗಳಲ್ಲಿ, ಅಮುನ್, ಅವನ ಮಡದಿ ಮುತ್, ಮಗ ಖೊನ್ಸು ಮೂವರೂ ಕಾರ್ನಾಕ್‌ನಿಂದ ಈ ಗುಡಿಗೆ ಬರುತ್ತಿದ್ದರು. ಒಬ್ಬೊಬ್ಬರಿಗೂ ಬೇರೆ ಬೇರೆ ದೋಣಿ. ಕಾರ್ನಾಕ್‌ನಿಂದ ಲಕ್ಸರ್‌ಗೆ ಬರುವುದೆಂದರೆ ದಕ್ಷಿಣಕ್ಕೆ, ಅಂದರೆ ಪ್ರವಾಹಕ್ಕೆ ಎದುರಾಗಿ ಬರುವುದು. ಹಾಗಾಗಿ ಕೆತ್ತನೆಯಲ್ಲಿ ದಡದ ಮೇಲೆ ಸಾಲುಗಟ್ಟಿದ ಆಳುಗಳೂ ಸೈನಿಕರೂ ಹಗ್ಗ ಹಿಡಿದು ದೋಣಿ ಎಳೆಯುತ್ತಿದ್ದಾರೆ. ಜೊತೆಗೆ ತಮಟೆ, ಕುಣಿತ, ಬಲಿಗೆ ಕೊಬ್ಬಿಸಿದ ಎತ್ತುಗಳು. ಎದುರು ಗೋಡೆಯಲ್ಲಿ ಮರಳುವ ಪಯಣ. ಮೂರನೆಯ ಥುಟ್ಮೋಸನ ಕಾಲದಲ್ಲಿ 11 ದಿನ ನಡೆಯುತ್ತಿದ್ದ ಈ ಹಬ್ಬ ಮೂರನೆಯ ರಾಮೆಸೆಸ್‌ನ ಹೊತ್ತಿಗೆ 27 ದಿನಗಳಿಗೆ ಬೆಳೆದಿತ್ತು.

ನಮ್ಮ ಜನರಿಗೆ ಇದನ್ನು ವಿವರಿಸಲು ಎಷ್ಟು ಹೊತ್ತು ಬೇಕು? ತೆಪ್ಪೋತ್ಸವ ಕಂಡವರು ಅವರು. ಮೂಲದೇವರು ಗರ್ಭಗುಡಿ ಬಿಡುವುದಿಲ್ಲ, ಉತ್ಸವಮೂರ್ತಿ ಹೊರಗೆ ಬರುತ್ತದೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈಜಿಪ್ಟಿನ ಸಾಮಾನ್ಯ ಜನಕ್ಕೆ ಗುಡಿಯ ಒಳಾಂಗಣಕ್ಕೆ ಪ್ರವೇಶವೇ ಇರಲಿಲ್ಲ; ದೇವರು ದೋಣಿಯಾಕಾರದ ಮಂಟಪದಲ್ಲಿ ಕೂತು, ಪೂಜಾರಿಗಳ ಹೆಗಲೇರಿ ಹೊರಟಾಗಲೇ ಅವರಿಗೆ ದೇವರ ಸಮೀಪ ಸಿಗುತ್ತಿದ್ದದ್ದು. ಆಗಲೂ ಮೂರ್ತಿಗೆ ತೆರೆ ಎಳೆದಿರುತ್ತಿತ್ತು. ದಾರಿಯಲ್ಲಿ ಜನ ತಮ್ಮ ವ್ಯಾಜ್ಯ, ಕಳವು, ಕಷ್ಟ ಹೇಳಿಕೊಂಡರೆ ದೇವರ ದೋಣಿ ಮುಂದಕ್ಕೋ ಹಿಂದಕ್ಕೋ ವಾಲಿ ಉತ್ತರ ಕೊಡುತ್ತಿತ್ತು. ಹಾಸನ, ತುಮಕೂರು ಕಡೆಯ ಹಳ್ಳಿಗಳಲ್ಲಿ ಹೊತ್ತ ದೇವರು ಓಲಾಡಿ ಅಪ್ಪಣೆ ಕೊಡುವುದನ್ನು ನೋಡಿದವರಿಗೆ ಮೂರು ಸಾವಿರ ವರ್ಷಗಳ ದೂರ ಒಂದೇ ಕ್ಷಣದಲ್ಲಿ ಕರಗುತ್ತದೆ. ನಮ್ಮ ಗುಂಪಿನಲ್ಲಿ ಅಂಥವರು ಹಲವರಿದ್ದರು. ಅವರನ್ನು ಆ ಗೋಡೆಯ ಮುಂದೆ ನಿಲ್ಲಿಸಲಿಲ್ಲ.

ಈಜಿಪ್ಟಿನ ಗೈಡುಗಳು ಓದಿಕೊಂಡವರು. ನಮ್ಮ ಗೈಡ್ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಹೇಳಿದ್ದು ಕನ್ನಡಕ್ಕೆ ಬರುವಾಗ ಎರಡು ವಾಕ್ಯಕ್ಕೆ ಇಳಿಯುತ್ತಿತ್ತು: ಯಾವ ರಾಜ, ಎಷ್ಟು ವರ್ಷ ಹಿಂದೆ. ಟೂರ್ ಮ್ಯಾನೇಜರ್ ತಮ್ಮಂದಿರೇ, ತಂಗಿಯರೇ, ನಿಮಗೆ ಲಗೇಜು, ರೂಮಿನ ಕೀಲಿ, ಹಿರಿಯರ ಮಾತ್ರೆ ಎಲ್ಲವೂ ತಲೆಯಲ್ಲಿರುತ್ತದೆ ಎಂಬುದು ಗೊತ್ತು. ಆದರೆ ಪ್ರಾಕಾರ, ನವರಂಗ, ಸುಕನಾಸಿ, ಗರ್ಭಗುಡಿ ಎಂದು ನಡೆದು ಬಂದ ಜನರಿಗೆ ಎಡ್ಫುವಿನ ಗುಡಿಯನ್ನು ವಿವರಿಸುವುದು ಲಂಡನ್ನಿನಿಂದ ಬಂದವರಿಗೆ ವಿವರಿಸುವುದಕ್ಕಿಂತ ಸುಲಭ. ಅಂಗಳದ ಬಿಸಿಲು, ಕಂಬದ ಹಜಾರದ ಅರೆಬೆಳಕು, ಹೆಜ್ಜೆಹೆಜ್ಜೆಗೂ ಏರುವ ನೆಲ, ಇಳಿಯುವ ಚಾವಣಿ, ಕೊನೆಗೆ ಕತ್ತಲ ಕೋಣೆಯಲ್ಲಿ ಕಪ್ಪುಕಲ್ಲಿನ ದೇವರ ಗೂಡು. ಒಮ್ಮೆ ಬಾಯಿ ಮುಚ್ಚಿ ನಡೆಸಿದರೂ ಸಾಕು, ಅರ್ಧ ತಿಳಿಯುತ್ತದೆ.

ಎಡ್ಫುವಿನ ಮಾತು ಬಂತು. ಕ್ರಿ. ಪೂ. 237ರಲ್ಲಿ ಶುರುವಾಗಿ ಕ್ರಿ. ಪೂ. 57ರಲ್ಲಿ ಮುಗಿದ ಹೋರಸ್ ದೇವರ ಗುಡಿ ಅದು. ಹೆಚ್ಚುಕಡಿಮೆ ಪೂರ್ತಿಯಾಗಿ ನಿಂತಿರುವುದರಿಂದ ಎಲ್ಲ ಹಡಗುಗಳೂ ಅಲ್ಲಿ ನಿಲ್ಲುತ್ತವೆ, ಒಂದೇ ಹೊತ್ತಿಗೆ ನಿಲ್ಲುತ್ತವೆ. ಆ ಗುಡಿಯ ದೊಡ್ಡ ಹಬ್ಬ ಯಾವುದು ಗೊತ್ತೆ? ಲಕ್ಸರ್‌ಗಿಂತಲೂ ಉತ್ತರದ ದೆಂಡೆರಾದಿಂದ ಹಾಥೋರ್ ದೇವಿ ನದಿಯ ಮೇಲೆ, ದಾರಿಯ ಊರೂರಿನಲ್ಲಿ ತಂಗುತ್ತಾ, ತನ್ನ ಗಂಡನನ್ನು ನೋಡಲು ಬರುತ್ತಿದ್ದದ್ದು. ಅಮಾವಾಸ್ಯೆಗೆ ತಲುಪಿ, ಹುಣ್ಣಿಮೆಯವರೆಗೆ ಗಂಡನ ಮನೆಯಲ್ಲಿದ್ದು ಮರಳುತ್ತಿದ್ದಳು. ನೀವು ಪ್ಯಾಕೇಜಿನಲ್ಲಿ ಮಾರುತ್ತಿರುವ ಪಯಣವನ್ನೇ ಅವಳು ಮಾಡುತ್ತಿದ್ದಳು. ಇದನ್ನು ಗುಡಿಯ ಮುಂದೆ ಹೇಳುವುದಕ್ಕಿಂತ ಹಿಂದಿನ ರಾತ್ರಿ ಹಡಗಿನ ಮೇಲಂತಸ್ತಿನಲ್ಲಿ ಹೇಳಿ. ಕತ್ತಲ ನದಿ ಎದುರಿಗಿದ್ದಾಗ ಹೇಳುವ ಕತೆ ಅದು. ಅದೇ ಎಡ್ಫುವಿನಲ್ಲಿ ದಡದಿಂದ ಗುಡಿಗೆ ಹೋಗುವ ಕುದುರೆಗಾಡಿಗಳ ಬಗ್ಗೆಯೂ ಒಂದು ಮಾತು: ಬಡಕಲು ಕುದುರೆಯ ಮೇಲೆ ಚಾಟಿ ಬೀಸುತ್ತಾ ಓಡಿಸುವುದನ್ನು ನೋಡುತ್ತಾ ದೇವರ ದರ್ಶನಕ್ಕೆ ಹೋಗುವುದು ನಮ್ಮ ಗುಂಪಿನ ಯಾರಿಗೂ ಬೇಕಿರಲಿಲ್ಲ. ಬೇರೆ ಗಾಡಿ ಗೊತ್ತು ಮಾಡಿ.

ಎಸ್ನಾವನ್ನು ಬಿಡಬೇಡಿ. ಅಲ್ಲಿ ಬ್ಯಾರೇಜಿನ ಲಾಕ್ ದಾಟಲು ಹಡಗುಗಳು ಸರದಿ ಕಾಯುತ್ತವೆ. ಸಣ್ಣ ದೋಣಿಯ ವ್ಯಾಪಾರಿಗಳು ಶಾಲು, ಜುಬ್ಬಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಡೆಕ್ಕಿಗೆ ಎಸೆಯುತ್ತಾರೆ, ನಮ್ಮವರೆಲ್ಲ ಅದನ್ನೇ ನೋಡಿ ಖುಷಿಪಡುತ್ತಾರೆ. ಪಡಲಿ. ಆದರೆ ಹಡಗು ದಡ ಹಿಡಿಯುವುದಾದರೆ ಪೇಟೆಯೊಳಗೆ ಕೊಂಚ ನಡೆದರೆ ಖ್ನುಮ್ ದೇವರ ಗುಡಿ. ಊರಿನ ನೆಲಮಟ್ಟದಿಂದ ಸುಮಾರು 9 ಮೀಟರ್ ಕೆಳಗಿದೆ. ಶತಮಾನಗಳ ಊರು ಅದರ ಸುತ್ತ ಅಷ್ಟು ಎತ್ತರಕ್ಕೆ ಬೆಳೆದಿದೆ. ಉಳಿದಿರುವುದು 24 ಕಂಬಗಳ ಒಂದು ಹಜಾರ ಮಾತ್ರ. 2018ರಿಂದ ಈಜಿಪ್ಟ್ ಮತ್ತು ಜರ್ಮನಿಯ ತಂಡ ಅದರ ಚಾವಣಿ, ಕಂಬಗಳ ಮೇಲಿನ ಮಸಿಯನ್ನು ಒರೆಸುತ್ತಾ ಬಂದಿದ್ದು, ಅಡಿಯಿಂದ ಕೆಂಪು, ನೀಲಿ, ಹಳದಿ ಹೊಸದಾಗಿ ಬಳಿದಂತೆ ಎದ್ದು ಬಂದಿವೆ. ಗ್ರಹ, ರಾಶಿ, ನಕ್ಷತ್ರಗಳ ಚಾವಣಿ ಅದು. ಇಡೀ ಪ್ರವಾಸದಲ್ಲಿ ನನ್ನ ಮನಸ್ಸು ತುಂಬಿದ ಜಾಗ ಅದೇ. ಕುಂಬಾರನ ತಿಗರಿಯ ಮೇಲೆ ಮನುಷ್ಯರನ್ನು ಮಾಡುವ, ನೈಲ್‌ನ ನೆರೆಯನ್ನು ಬಿಡುವ ಹಿಡಿಯುವ ಟಗರಿನ ತಲೆಯ ದೇವರು ಖ್ನುಮ್. ಮಣ್ಣು ತರುವ ನದಿಗೆ ಕುಂಬಾರ ದೇವರು. ನದಿ ಬಿಟ್ಟು ಅವನನ್ನು ಹೇಗೆ ಅರ್ಥ ಮಾಡಿಸುತ್ತೀರಿ?

ಎಡ್ಫು ದಾಟಿದ ಮೇಲೆ, ಕೊಮ್ ಓಂಬೊ ಬರುವ ಮುನ್ನ, ನದಿ ಕಿರಿದಾಗುತ್ತದೆ. ಎರಡೂ ದಡದಲ್ಲಿ ಮರಳುಗಲ್ಲಿನ ಬಂಡೆ. ಗೆಬೆಲ್ ಎಲ್-ಸಿಲ್ಸಿಲಾ. ಅದು ಕಲ್ಲಿನ ಗಣಿ. ನೀವು ತೋರಿಸುವ ಕಾರ್ನಾಕ್‌ನ ಬಹುಪಾಲು ಮರಳುಗಲ್ಲು ಇಲ್ಲಿಂದ ಎದ್ದು, ದೋಣಿ ಏರಿ ಹೋಯಿತು. ಕಾರ್ನಾಕ್‌ನ ಹಜಾರದ 134 ಕಂಬಗಳನ್ನು ನೋಡಿ ಬೆರಗಾದ ಜನ ಅವುಗಳ ತವರಿನ ಪಕ್ಕದಲ್ಲೇ ಬಫೆ ಸಾಲಿನಲ್ಲಿ ನಿಂತಿರುತ್ತಾರೆ. ದೊಡ್ಡ ಹಡಗುಗಳು ಅಲ್ಲಿ ನಿಲ್ಲುವುದಿಲ್ಲ. ನಿಲ್ಲಿಸಿ ಎಂದು ಕೇಳುತ್ತಲೂ ಇಲ್ಲ. ಒಂದು ಅನೌನ್ಸ್‌ಮೆಂಟ್ ಮಾಡಿ ಎಲ್ಲರನ್ನೂ ಡೆಕ್ಕಿಗೆ ಕರೆಯಿರಿ. ನೇರವಾಗಿ ಕತ್ತರಿಸಿದ ಬಂಡೆಗಳ ಮುಖ, ಬಂಡೆಯಲ್ಲೇ ಕೊರೆದ ಸಣ್ಣ ಗುಡಿಗಳು ನೀರಿನಿಂದಲೇ ಕಾಣುತ್ತವೆ. ಊಟ ಅರ್ಧ ಗಂಟೆ ತಡವಾದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನಮ್ಮ ಕರಾವಳಿ, ಮಲೆನಾಡಿನವರು ನಿಮ್ಮ ಗುಂಪಿನಲ್ಲಿದ್ದರೆ ಲಕ್ಸರ್‌ನ ಉತ್ತರಕ್ಕಿರುವ ಕಿಫ್ತ್ ಊರಿನ ಹೆಸರನ್ನಾದರೂ ಹೇಳಿ. ಹಳೆಯ ಕಾಲದ ಕೊಪ್ಟೊಸ್ ಅದು. ಭಾರತದ ಪಶ್ಚಿಮ ಕರಾವಳಿಯಿಂದ ಹೊರಟ ಹಡಗುಗಳು ಕೆಂಪು ಸಮುದ್ರದ ಬೆರೆನಿಕೆ ಬಂದರಿನಲ್ಲಿ ಸರಕು ಇಳಿಸಿದರೆ, ಒಂಟೆಗಳು ಮರುಭೂಮಿ ದಾಟಿ ಅದನ್ನು ಕೊಪ್ಟೊಸ್‌ಗೆ ತರುತ್ತಿದ್ದವು. ಅಲ್ಲಿಂದ ಅಲೆಕ್ಸಾಂಡ್ರಿಯಾದವರೆಗೆ ನೈಲ್ ಹೊರುತ್ತಿತ್ತು. ಬೆರೆನಿಕೆಯ ಗುಡಿಯೊಂದರ ಅಂಗಳದಲ್ಲಿ, ಭಾರತದಲ್ಲೇ ಮಾಡಿದ ಗಡಿಗೆಯಲ್ಲಿ, ಸುಮಾರು ಏಳೂವರೆ ಕಿಲೊ ಕಾಳುಮೆಣಸು ಪುರಾತತ್ತ್ವಜ್ಞರಿಗೆ ಸಿಕ್ಕಿದೆ. ಸಾಗರ, ಶಿರಸಿಯ ತೋಟದವರಿಗೆ ಇದಕ್ಕಿಂತ ದೊಡ್ಡ ನಂಟು ಬೇಕೆ?

ಈಗ ನನ್ನ ಮನಸ್ಸಿಗೆ ತೀರ ನಾಟಿದ ವಿಷಯ.

ಕೊಮ್ ಓಂಬೊ ಗುಡಿಯನ್ನು ನಾವು ಸಂಜೆ ದೀಪದ ಬೆಳಕಿನಲ್ಲಿ ನೋಡಿದೆವು. ಮೊಸಳೆಯ ದೇವರು ಸೊಬೆಕ್, ಗಿಡುಗದ ತಲೆಯ ಹೋರಸ್, ಇಬ್ಬರಿಗೂ ಒಂದೊಂದು ಗರ್ಭಗುಡಿ. ಮೊಸಳೆಗಳ ಮಮ್ಮಿ ನೋಡಿ ಎಲ್ಲರೂ ಮಾತಾಡಿಕೊಂಡರು. ಗುಡಿಯ ಪಕ್ಕದಲ್ಲೊಂದು ಆಳವಾದ ದುಂಡನೆಯ ಬಾವಿ ಇದೆ, ನದಿಯ ಮಟ್ಟ ಅಳೆಯುವ ಬಾವಿ. ನೆರೆ ಎಷ್ಟು ಏರಿತು ಎಂಬುದರ ಮೇಲೆ ಆ ವರ್ಷದ ಬೆಳೆ, ಬೆಳೆಯ ಮೇಲೆ ಕಂದಾಯ. ಗುಡಿ, ನದಿ, ಸರ್ಕಾರ ಮೂರೂ ಕೂಡುವ ಜಾಗ ಅದು. ನಾವು ಅದರೊಳಗೆ ಇಣುಕಿ ಮುಂದೆ ಹೋದೆವು.

ಮರುದಿನ ಅಸ್ವಾನ್‌ನಲ್ಲಿ ಫಿಲೇ ದ್ವೀಪಕ್ಕೆ ಕರೆದೊಯ್ದ ಮೋಟಾರು ದೋಣಿಯವರು ನೂಬಿಯಾದ ಹಿರಿಯರು. ಗೈಡ್ ಮೂಲಕ ಅವರ ಊರು ಕೇಳಿದೆ. ಅವರು ದಕ್ಷಿಣಕ್ಕೆ ಕೈ ತೋರಿಸಿ, ನೀರಿನಡಿ ಇದೆ ಎಂದರು. ಅಪ್ಪ, ಅಮ್ಮ, ಅಜ್ಜಿಯನ್ನೆಲ್ಲ ಕೊಮ್ ಓಂಬೊ ಕಡೆಗೆ ಸಾಗಿಸಿದರು ಎಂದರು. ಹಿಂದಿನ ಸಂಜೆ ನಾವು ಅಲ್ಲಿದ್ದೆವು. ಯಾರೂ ಹೇಳಿರಲಿಲ್ಲ.

ನಾನು ಸಾಗರ ತಾಲ್ಲೂಕಿನವಳು. ಶರಾವತಿಗೆ ಲಿಂಗನಮಕ್ಕಿ ಕಟ್ಟಿದಾಗ ನನ್ನ ತಾಯಿಯ ತವರು ಮುಳುಗಿತು. ಲಿಂಗನಮಕ್ಕಿ ಮುಗಿದದ್ದು 1964ರಲ್ಲಿ. 1963ರ ಅಕ್ಟೋಬರಿನಿಂದ 1964ರ ಬೇಸಿಗೆಯವರೆಗೆ ಅಸ್ವಾನ್ ದೊಡ್ಡ ಅಣೆಕಟ್ಟೆಗಾಗಿ ಈಜಿಪ್ಟಿನ ಸುಮಾರು 50,000 ನೂಬಿಯನ್ನರನ್ನು ಎತ್ತಂಗಡಿ ಮಾಡಿದರು; ಗಡಿಯಾಚೆ ಸುಡಾನಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಜನರನ್ನು. ಒಂದೇ ಕಾಲದಲ್ಲಿ ಎರಡು ನದಿಗಳ ಜನ ಗಂಟುಮೂಟೆ ಕಟ್ಟಿದ್ದರು. ನದಿಯ ದಡದಲ್ಲೇ ಬದುಕಿದ್ದ ನೂಬಿಯನ್ನರಿಗೆ ಕೊಟ್ಟ ಹೊಸ ಊರುಗಳು ನದಿಯಿಂದ ದೂರದಲ್ಲಿದ್ದವು. ಮುಳುಗಿದ ಹಳ್ಳಿಗಳ ಹೆಸರನ್ನೇ ಹೊಸ ಹಳ್ಳಿಗಳಿಗೆ ಇಟ್ಟರು. ಇಂಥದನ್ನು ಕೇಳಲು ಕನ್ನಡಿಗರಿಗಿಂತ ಹದವಾದ ಮನಸ್ಸು ಯಾರಿಗಿದೆ? ನಾ. ಡಿಸೋಜರ ‘ದ್ವೀಪ’ವನ್ನು ಓದಿದ, ಗಿರೀಶ ಕಾಸರವಳ್ಳಿಯವರ ಚಿತ್ರದಲ್ಲಿ ಅದನ್ನು ನೋಡಿದ, ಸಿಗಂದೂರಿನ ಲಾಂಚ್‌ನಲ್ಲಿ ಹಿನ್ನೀರು ದಾಟಿದ, ಕನ್ನಂಬಾಡಿಯ ವೇಣುಗೋಪಾಲನ ಗುಡಿ ಕೆಆರ್‌ಎಸ್ ನೀರಿನಲ್ಲಿ ಮುಳುಗಿ, ಕಲ್ಲು ಕಲ್ಲಾಗಿ ಬಿಚ್ಚಿಸಿಕೊಂಡು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಎದ್ದು ನಿಂತದ್ದನ್ನು ಬಲ್ಲ ಜನ ನಾವು.

ಫಿಲೇ ಗುಡಿಯ ಕತೆಯೂ ಅದೇ. ನಿಮ್ಮ ಕರಪತ್ರದಲ್ಲಿ ‘ಸುಂದರ ದ್ವೀಪ ದೇವಾಲಯ’ ಎಂದಿದೆ. ಗುಡಿ ಮೊದಲಿದ್ದ ದ್ವೀಪ ಅದಲ್ಲ. 1902ರ ಮೊದಲ ಅಣೆಕಟ್ಟೆ ಅದನ್ನು ವರ್ಷದ ಹಲವು ತಿಂಗಳು ನೀರಿನಲ್ಲಿ ನಿಲ್ಲಿಸಿತು. ಅಣೆಕಟ್ಟೆಯನ್ನು ಎರಡು ಸಲ ಎತ್ತರಿಸಿದ ಮೇಲೆ ಜನ ದೋಣಿಯಲ್ಲಿ ಕೂತು ಕಂಬಗಳ ತಲೆಯ ನಡುವೆ ಸುತ್ತಾಡುತ್ತಿದ್ದರು. ಗೋಡೆಗಳ ಬಣ್ಣ ಆಗಲೇ ಹೋಯಿತು. 1970ರ ದಶಕದಲ್ಲಿ ಸುತ್ತ ಒಡ್ಡು ಕಟ್ಟಿ, ನೀರು ಹೊರಹಾಕಿ, ಸುಮಾರು 40,000 ಕಲ್ಲುಗಳಾಗಿ ಬಿಚ್ಚಿ, ಪಕ್ಕದ ಅಗಿಲ್ಕಿಯಾ ದ್ವೀಪದಲ್ಲಿ ಜೋಡಿಸಿದರು. 1980ರಲ್ಲಿ ಬಾಗಿಲು ತೆರೆಯಿತು. ಯುನೆಸ್ಕೊ 1960ರಲ್ಲಿ ಕೊಟ್ಟ ಕರೆಗೆ ಜಗತ್ತೇ ಓಗೊಟ್ಟ ಕಾಲ ಅದು. ಬಿ. ಬಿ. ಲಾಲ್ ಅವರ ನೇತೃತ್ವದಲ್ಲಿ ನಮ್ಮ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ತಂಡವೂ ಮುಳುಗುವ ಮುನ್ನ ನೂಬಿಯಾದಲ್ಲಿ ಅಗೆದು ಹುಡುಕಿತ್ತು. ಅಬು ಸಿಂಬೆಲ್‌ನ ಬೆಟ್ಟವನ್ನೇ ತುಂಡು ತುಂಡಾಗಿ ಕೊಯ್ದು 65 ಮೀಟರ್ ಮೇಲೆತ್ತಿದ ಸಾಹಸವನ್ನು ನಿಮ್ಮ ಗೈಡುಗಳು ಚೆನ್ನಾಗಿಯೇ ಹೇಳುತ್ತಾರೆ.

ಅವರು ಹೇಳದೆ ಬಿಡುವುದು ಇದು. ಫಿಲೇಯ ಹೇಡ್ರಿಯನ್ ದ್ವಾರದಲ್ಲಿ ಒಂದು ಪುಟ್ಟ ಬರಹವಿದೆ. ಕ್ರಿ. ಶ. 394ರ ಆಗಸ್ಟ್ 24ರಂದು ಒಬ್ಬ ಪೂಜಾರಿ ಕೆತ್ತಿದ್ದು. ಮೂರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಡೆದು ಬಂದ ಚಿತ್ರಲಿಪಿಯಲ್ಲಿ, ದಿನಾಂಕ ಗೊತ್ತಿರುವ ಕಟ್ಟಕಡೆಯ ಬರಹ. ಅದರ ಪಕ್ಕದಲ್ಲಿ ಕೆತ್ತಿರುವ ದೇವರು ಮಂಡುಲಿಸ್, ನೂಬಿಯನ್ನರ ದೇವರು. ಈಜಿಪ್ಟ್ ಕ್ರೈಸ್ತ ನಾಡಾಗಿ, ಉಳಿದ ಗುಡಿಗಳೆಲ್ಲ ಮುಚ್ಚುತ್ತಾ ಬಂದ ಮೇಲೂ ಇಲ್ಲಿ ದೀಪ ಉರಿದದ್ದು ದಕ್ಷಿಣದ ಜನರಿಂದ. ಐದನೆಯ ಶತಮಾನದಲ್ಲಿ ರೋಮನ್ನರ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ, ಈ ಗುಡಿಯ ಐಸಿಸ್ ದೇವಿಯ ಮೂರ್ತಿಯನ್ನು ನದಿಯ ಮೇಲೆ ತಮ್ಮ ನಾಡಿಗೆ ಕೊಂಡೊಯ್ದು ಪೂಜಿಸಿ ಮರಳಿ ತರುವ ಹಕ್ಕನ್ನು ಅವರು ಪಡೆದಿದ್ದರು. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ದೊರೆಯ ಕಾಲಕ್ಕೆ ಗುಡಿ ಮುಚ್ಚಿತು. ಆ ಗುಡಿಯ ಕೊನೆಯ ಭಕ್ತರ ನಾಡೇ ಈಗ ನೀರಿನಡಿ ಇದೆ. ಗುಡಿಗೆ ಮಾತ್ರ ಅದೇ ನದಿಯ ನಡುವೆ ಹೊಸ ದ್ವೀಪ ಸಿಕ್ಕಿತು. ಆ ಜನರಿಗೆ ಮರಳಿ ನದಿಯ ದಡ ಸಿಗಲಿಲ್ಲ.

ಇದನ್ನು ಹೇಳದೆ ಫಿಲೇ ತೋರಿಸುವುದು ಸರಿಯಲ್ಲ. ನೂಬಿಯಾ ಎಂದರೆ ನಿಮ್ಮ ಕಾರ್ಯಕ್ರಮದಲ್ಲಿ ಹಡಗಿನ ರಾತ್ರಿಯ ನೃತ್ಯ, ಬಣ್ಣದ ಮನೆಗಳ ಹಳ್ಳಿಯಲ್ಲಿ ಸಾಕಿದ ಮೊಸಳೆಮರಿ ಹಿಡಿದು ಫೋಟೊ. ಅಸ್ವಾನ್‌ನಲ್ಲೇ ನೂಬಿಯಾ ಮ್ಯೂಸಿಯಂ ಇದೆ, 1997ರಲ್ಲಿ ತೆರೆದದ್ದು. ಮುಳುಗಿದ ನಾಡಿನ ಮನೆ, ಉಡುಗೆ, ಹೊಲಗೆಲಸ, ಗೋರಿಗಳಿಂದ ಬಂದ ಮಡಕೆಗಳು, ಗುಡಿ ಬಿಚ್ಚಿ ಜೋಡಿಸಿದ ಕೆಲಸದ ದಾಖಲೆ ಎಲ್ಲ ಅಲ್ಲಿವೆ. ಎರಡು ಗಂಟೆ ಸಾಕು. ಅಷ್ಟು ಹೊತ್ತು ಎಲ್ಲಿಂದ ತರುವುದು ಎಂದರೆ, ನಮ್ಮನ್ನು ಅತ್ತರಿನ ಅಂಗಡಿ, ಪಪೈರಸ್ ಅಂಗಡಿ, ಹತ್ತಿ ಬಟ್ಟೆಯ ಅಂಗಡಿಗಳಲ್ಲಿ ಕೂರಿಸಿದ ಹೊತ್ತು ಅದಕ್ಕಿಂತ ಹೆಚ್ಚೇ ಇತ್ತು. ಆ ಅಂಗಡಿಗಳಿಂದ ನಿಮಗೆ ಬರುವ ಕಮಿಷನ್ನು ಪ್ಯಾಕೇಜಿನ ದರವನ್ನು ಇಳಿಸುತ್ತದೆ ಎಂದು ನಿಮ್ಮ ವ್ಯಾಪಾರ ಬಲ್ಲವರು ಹೇಳಬಹುದು. ಹಾಗಿದ್ದರೆ ದರ ಸ್ವಲ್ಪ ಏರಿಸಿ, ಏಕೆ ಏರಿಸಿದಿರೆಂದು ನಮಗೆ ಹೇಳಿ. ಜೀವಮಾನದಲ್ಲಿ ಒಮ್ಮೆ ಹೋಗುವವರು ಕೊಡುತ್ತಾರೆ.

ಹಡಗಿನ ರಾತ್ರಿಗಳಲ್ಲಿ ಒಂದನ್ನು ನನಗೆ ಕೊಡಿ ಎಂದು ಕೇಳುತ್ತೇನೆ. ಸ್ಪೀಕರಿನಲ್ಲಿ ಹಿಂದಿ ಸಿನಿಮಾ ಹಾಡಿನ ಬದಲು ಹಂಜಾ ಎಲ್ ದಿನ್ ಎಂಬ ನೂಬಿಯನ್ ಸಂಗೀತಗಾರ ಊದ್ ನುಡಿಸುತ್ತಾ ಹಾಡಿದ ‘ಎಸ್ಕಲೈ’ ಹಾಕಿ. ಎತ್ತು ತಿರುಗಿಸುವ ನೀರಿನ ರಾಟೆಯ ಮೇಲೆ ಕಟ್ಟಿದ ಹಾಡು ಅದು. ಅವರ ಊರು ತೋಷ್ಕ ಕೂಡ ಆ ನೀರಿನಡಿಯೇ ಇದೆ. ಇಪ್ಪತ್ತು ನಿಮಿಷ, ದೀಪ ಸಣ್ಣಗೆ ಮಾಡಿ, ಡೆಕ್ಕಿನಲ್ಲಿ ಎಲ್ಲರನ್ನೂ ಕೂರಿಸಿ. ಏತ, ಕಪಿಲೆ ನೋಡಿ ಬೆಳೆದ ನಮ್ಮ ಅಜ್ಜಂದಿರು ಅದನ್ನು ಕೇಳುತ್ತಾರೆ.

ನೈಲ್ ಪ್ರವಾಸದ ಹೊಸ ಋತು ಅಕ್ಟೋಬರಿನಿಂದ ಶುರುವಾಗುತ್ತದೆ. ನಿಮ್ಮ ಕರಪತ್ರಗಳು ಅದಕ್ಕೂ ಮೊದಲೇ ಅಚ್ಚಿಗೆ ಹೋಗುತ್ತವೆ. ಅಷ್ಟರೊಳಗೆ ಇಷ್ಟನ್ನಾದರೂ ಗಮನಿಸಿ: ಲಕ್ಸರ್‌ನಲ್ಲಿ ಆ ದೋಣಿ ಮೆರವಣಿಗೆಯ ಗೋಡೆಗೆ ಹದಿನೈದು ನಿಮಿಷ, ಎಸ್ನಾದಲ್ಲಿ ಚಾವಣಿಗೆ ಅರ್ಧ ಗಂಟೆ, ಸಿಲ್ಸಿಲಾ ಬಂದಾಗ ಡೆಕ್ಕಿಗೆ ಒಂದು ಕರೆ, ಅಸ್ವಾನ್‌ನಲ್ಲಿ ಮ್ಯೂಸಿಯಂಗೆ ಒಂದು ಬೆಳಗು. ಟೂರ್ ಮ್ಯಾನೇಜರುಗಳಿಗೆ ಬೇಕಾಗುವ ಕನ್ನಡ ಟಿಪ್ಪಣಿಯನ್ನು, ಯಾವ ಗುಡಿಯ ಯಾವ ಗೋಡೆಯ ಮುಂದೆ ಏನು ಹೇಳಬಹುದು ಎಂಬುದನ್ನು, ನಾನು ಬರೆದುಕೊಡುತ್ತೇನೆ. ಮೂವತ್ತು ಪುಟ ಮೀರದಂತೆ, ದೊಡ್ಡ ಅಕ್ಷರದಲ್ಲಿ, ಕೈಚೀಲದಲ್ಲಿ ಹಿಡಿಸುವಂತೆ. ಹಣ ಬೇಡ. ನಿಮ್ಮಲ್ಲಿ ಯಾವ ಸಂಸ್ಥೆ ಮೊದಲು ಕೇಳಿದರೂ ಸರಿ, ಎಲ್ಲರೂ ಹಂಚಿಕೊಳ್ಳಬಹುದು.

ಇಂತಿ,
ನಿಮ್ಮ ಹಡಗಿನಲ್ಲಿ ಬಂದಿದ್ದ ಸಾಗರ ಸೀಮೆಯ ಒಬ್ಬ ಪ್ರಯಾಣಿಕೆ